ಫೀ ಹೆಂಗರ ತುಂಬಬಹುದು, ತಿಂಗಳ ಖರ್ಚಿಗೇನು?

ಹೆಸರು, ಊರು, ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆ ಕೇಳಲು ಬಂದ ಆಕೆಯನ್ನು ಕಸ್ತೂರಿ ಎಂದು ಕರೆಯೋಣ. ವಯಸ್ಸು 31, ಬಿ.ಎ. ಆಗಿದೆ. ಗಂಡ ತೀರಿಕೊಂಡ ಮೇಲೆ ಮಗನನ್ನು ಕರೆದುಕೊಂಡು ಬಬಲೇಶ್ವರ ತಾಲೂಕಿನ ತವರಿಗೆ ಬಂದಿದ್ದಾಳೆ. ಹುಡುಗ ಎರಡನೇ ತರಗತಿ. ಆಕೆ ಜಂಪರ್ ಹೊಲಿಯುತ್ತಾಳೆ, ಸಂಜೆ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಾಳೆ. ಸರ್ಕಾರದಿಂದ ತಿಂಗಳಿಗೆ 800 ರೂಪಾಯಿ ವಿಧವಾ ವೇತನ ಬರುತ್ತದೆ. ವಿಜಯಪುರದಲ್ಲಿ ಬಿ.ಎಡ್. ಮಾಡಬೇಕೆಂಬುದು ಆಕೆಯ ಆಸೆ.

"ಮೇಡಮ್ಮಾರ, ಫೀ ಹೆಂಗರ ಮಾಡಿ ತುಂಬತೀನ್ರಿ. ಆದ್ರ ಎರಡು ವರ್ಷ ಹೊಟ್ಟಿಗಿ ಏನ್ ಮಾಡ್ಲಿ? ಮಂದಿ ಬ್ಯಾರೆ, ಮಗನ್ನ ಬಿಟ್ಟು ಓದಾಕ ಹೊಂಟಾಳ ಅಂತಾರ."

ಬಂದಾಗ ಆಕೆಯ ತಲೆಯಲ್ಲಿ ಎರಡು ದಾರಿಗಳಿದ್ದವು. ಒಂದು, ಊರಿನ ಮಹಿಳಾ ಸಂಘದ ಸಾಲ. ಇನ್ನೊಂದು, ದಿನಾ ಬರುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು ಎಂದು ಒಬ್ಬ ಏಜೆಂಟ್ ಹೇಳಿದ ಕಾಲೇಜು. ಎರಡನ್ನೂ ಬೇಡವೆಂದೆ. ಬಿ.ಎಡ್.ಗೆ ತರಗತಿಯಲ್ಲಿ ಶೇ. 80, ಶಾಲಾ ಇಂಟರ್ನ್‌ಶಿಪ್‌ನಲ್ಲಿ ಶೇ. 90 ಹಾಜರಾತಿ ಇರಲೇಬೇಕೆಂಬ ನಿಯಮವಿದೆ. ಹೋಗದೆ ಪಡೆದ ಪದವಿಯಿಂದ ನಾಳೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗುವುದೂ ಕಷ್ಟ, ಮಕ್ಕಳ ಮುಂದೆ ನಿಂತು ಪಾಠ ಮಾಡುವುದೂ ಕಷ್ಟ. ಇನ್ನು ಸಂಘದ ಸಾಲಕ್ಕೆ ಕೈಗೆ ದುಡ್ಡು ಬಂದ ಬೆನ್ನಲ್ಲೇ ಕಂತು ಶುರು. ಓದುವವಳಿಗೆ ಆ ಕಂತು ಎಲ್ಲಿಂದ ಬರಬೇಕು? ಸಾಲ ಮಾಡಲೇಬೇಕಾದರೆ ಬ್ಯಾಂಕಿನ ಶೈಕ್ಷಣಿಕ ಸಾಲ ಕೇಳಿ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಎಂದೆ. 4 ಲಕ್ಷದವರೆಗೆ ಆಸ್ತಿ ಅಡವಿಡಬೇಕಾಗಿಲ್ಲ, ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ಮೇಲೆ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತದೆ, ಹಾಗಾಗಿ ಫೀಗೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟೇ ತೆಗೆದುಕೊಳ್ಳಬೇಕು.

ನಿಜವಾದ ತೊಡಕು ಆಕೆ ಹೇಳಿದ್ದೇ. ನಮ್ಮಲ್ಲಿ ವಿದ್ಯಾರ್ಥಿ ಎಂದರೆ ಹಿಂದೆ ತಂದೆ-ತಾಯಿ ಇರುವ, ಮಕ್ಕಳಿಲ್ಲದ ಹುಡುಗಿ ಎಂದೇ ಎಲ್ಲ ಯೋಜನೆಗಳೂ ಲೆಕ್ಕ ಹಾಕುತ್ತವೆ. ಹಾಸ್ಟೆಲ್ ಸಿಕ್ಕರೂ ಮಗನನ್ನು ಅಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿದ್ಯಾರ್ಥಿವೇತನ ಬರುತ್ತದೆ, ಆದರೆ ತಡವಾಗಿ, ಒಟ್ಟಿಗೆ ಬರುತ್ತದೆ. ಹಾಲಿನವನಿಗೆ ತಿಂಗಳಿಗೊಮ್ಮೆ ಕೊಡಲೇಬೇಕು. ಇದು ನನಗೆ ಬಹಳ ನೋವಿನ ವಿಷಯ, ಎಷ್ಟೋ ಹೆಣ್ಣುಮಕ್ಕಳು ಇದೊಂದೇ ಕಾರಣಕ್ಕೆ ನಡುವೆ ಬಿಟ್ಟು ಹೋಗುತ್ತಾರೆ. ಅದಕ್ಕೇ ತಿಂಗಳ ಖರ್ಚಿಗೆ ತಿಂಗಳು ತಿಂಗಳು ಬರುವ ದುಡ್ಡನ್ನೇ ಹುಡುಕೋಣ, ವಿದ್ಯಾರ್ಥಿವೇತನವನ್ನು ಆ ಲೆಕ್ಕಕ್ಕೆ ಸೇರಿಸುವುದೇ ಬೇಡ ಎಂದೆ.

ಖರ್ಚು ಬರೆಸಿದೆ. ತವರಿನಲ್ಲಿ ಬಾಡಿಗೆ ಇಲ್ಲ. ಮಗ ಸರ್ಕಾರಿ ಶಾಲೆ, ಮಧ್ಯಾಹ್ನದ ಊಟ, ಪುಸ್ತಕ ಅಲ್ಲೇ. ಶಕ್ತಿ ಯೋಜನೆ ಇರುವುದರಿಂದ ವಿಜಯಪುರಕ್ಕೆ ದಿನಾ ಓಡಾಡಲು ಬಸ್ ಚಾರ್ಜಿಲ್ಲ. ಆದರೂ ತಿಂಗಳಿಗೆ ಆರೂವರೆ ಸಾವಿರ ಬೇಕೆಂದಾಯಿತು.

ಆಕೆಗೆ ಗೊತ್ತೇ ಇರದಿದ್ದ ಒಂದು ಬಾಗಿಲಿತ್ತು: ಮಕ್ಕಳ ರಕ್ಷಣೆಗಿರುವ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ, ಅಂದರೆ ಮಗುವಿನ ಪಾಲನೆಗೆ ತಿಂಗಳ ನೆರವು. ತಾಯಿ ವಿಧವೆಯೋ, ವಿಚ್ಛೇದಿತೆಯೋ, ಮನೆಯವರು ಕೈಬಿಟ್ಟವಳೋ ಆಗಿದ್ದರೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಗಂಡನ ಮರಣ ಪತ್ರ, ಆದಾಯ ಪತ್ರ, ಮಗನ ಶಾಲೆಯ ದಾಖಲೆ ಜೋಡಿಸಿಕೊಂಡು ಅಂಗನವಾಡಿ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಲು ಹೇಳಿದೆ. ಸಮಿತಿ ಒಪ್ಪಿಗೆ ಕೊಡುವವರೆಗೆ ಕಾಯಬೇಕಾಗುತ್ತದೆ, ಆದ್ದರಿಂದ ಕಾಲೇಜಿನ ಪ್ರವೇಶಕ್ಕಿಂತ ಮೊದಲೇ ಈ ಅರ್ಜಿ. ಇದು ಬಂದರೆ ವಿಧವಾ ವೇತನ ಸೇರಿ 4,800. ಉಳಿದದ್ದಕ್ಕೆ ರವಿವಾರದ ಹೊಲಿಗೆ ಸಾಕಾಗಬಹುದು. ಟ್ಯೂಷನ್ ಬಿಡಲು ಹೇಳಿದೆ, ಸಂಜೆ ಮಗನಿಗೂ ತಾಯಿ ಬೇಕು.

ವಿದ್ಯಾರ್ಥಿವೇತನದ ಅರ್ಜಿಗೆ ಮುಂಚೆ ಒಂದು ಕೆಲಸ ಬಾಕಿ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯದು. ಮದುವೆಯಾದ ಹೆಣ್ಣುಮಕ್ಕಳ ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಜಾತಿ ಪ್ರಮಾಣಪತ್ರವೂ ತಂದೆಯ ಕಡೆಯಿಂದಲೇ ಆಗಬೇಕು, ಗಂಡನದು ನಡೆಯುವುದಿಲ್ಲ. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಆಕೆಯ ಹೆಸರಿನಲ್ಲೇ ಇರಲಿ.

ಮಗನ ಮಾತಿಗೆ ಬಂದಾಗ ಆಕೆ ಅತ್ತಳು. ಅಳಲು ಬಿಟ್ಟೆ. ಆಮೇಲೆ ಕೇಳಿದೆ: ನೀವು ಗಾರ್ಮೆಂಟ್ಸಿಗೆ ದುಡಿಯಲು ಹೋಗಿದ್ದರೆ ಯಾರಾದರೂ ಹೀಗೆ ಅನ್ನುತ್ತಿದ್ದರೇ? "ಇಲ್ರಿ." ಹಾಗಾದರೆ ದುಡಿಯಲು ಹೋದರೆ ಮಗನಿಗಾಗಿ, ಓದಲು ಹೋದರೆ ಮಗನನ್ನು ಬಿಟ್ಟು ಎಂದು ಯಾಕಾಗಬೇಕು? ಮುಂದಿನ ಸಲ ತಾಯಿಯನ್ನೂ ಕರೆತರಲು ಹೇಳಿದೆ. ಮುಂಜಾನೆ ಹುಡುಗನನ್ನು ಶಾಲೆಗೆ ಕಳಿಸುವವರು ಅವರು, ಒಪ್ಪಿಗೆ ಅವರ ಬಾಯಿಂದಲೇ ಬರಬೇಕು. ಬಂದರು, ಒಪ್ಪಿದರು. ಅರ್ಜಿ ಈಗ ಸಮಿತಿಯ ಮುಂದಿದೆ.

ಹೊರಡುವಾಗ ಆಕೆ ಇನ್ನೊಂದು ಸಂಗತಿ ಹೇಳಿದಳು. ಖರ್ಚಿಗೆ ಐವತ್ತು ಸಾವಿರ ಕೊಡುತ್ತೇನೆ, ಒಂದು ಕಾಗದಕ್ಕೆ ಸಹಿ ಹಾಕು ಎಂದು ಮೈದುನ ಕೇಳುತ್ತಿದ್ದಾನೆ. ಅದು ಗಂಡನ ಹೊಲದಲ್ಲಿ ತನ್ನ ಪಾಲು ಬಿಟ್ಟುಕೊಡುವ ಹಕ್ಕುಬಿಡುಗಡೆ ಪತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡನ ಪಾಲಿಗೆ ಹೆಂಡತಿ, ಮಗ, ಗಂಡನ ತಾಯಿ ಮೂವರೂ ಸಮಾನ ವಾರಸುದಾರರು. ಫೀ ಎಷ್ಟೇ ತುರ್ತಾಗಿದ್ದರೂ ಸಹಿ ಹಾಕಬೇಡಿ, ಮೊದಲು ಹೊಲದ ಉತಾರ (ಪಹಣಿ) ತೆಗೆಸಿ, ಅದನ್ನು ಹಿಡಿದುಕೊಂಡು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ ಎಂದು ಚೀಟಿ ಬರೆದುಕೊಟ್ಟೆ.