ಡಿಶ್‌ನಲ್ಲಿ ಮಿಡಿಯುವ ಹೃದಯ ಕೋಶ: ಅಳೆಯುವ ಮೊದಲು ಬಿಸಿ ನೋಡಿ

ಪ್ರಶ್ನೆ: ಶಿವಮೊಗ್ಗದಲ್ಲಿ ಬಯೋಟೆಕ್ನಾಲಜಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಐಪಿಎಸ್ ಕಾಂಡಕೋಶಗಳಿಂದ (ದೇಹದ ಸಾಮಾನ್ಯ ಕೋಶಗಳನ್ನು ಯಾವ ಕೋಶವಾದರೂ ಆಗಬಲ್ಲ ಸ್ಥಿತಿಗೆ ಮರಳಿಸಿ ಪಡೆದವು) ಹೃದಯ ಸ್ನಾಯು ಕೋಶ ಬೆಳೆಸುತ್ತಿದ್ದೇವೆ. ಕೆಲವು ಡಿಶ್ ಮಿಡಿಯುವುದೇ ಇಲ್ಲ. ಮಿಡಿಯುವವೂ ಮೈಕ್ರೋಸ್ಕೋಪಿನಡಿ ಇಟ್ಟ ಸ್ವಲ್ಪ ಹೊತ್ತಿಗೆ ನಿಧಾನವಾಗುತ್ತವೆ. ಔಷಧದ ಪರಿಣಾಮ ಅಳೆಯುವುದು ಹೇಗೆ?

ಉತ್ತರ: ನಿಧಾನವಾಗುವುದಕ್ಕೆ ಮೊದಲು ಅನುಮಾನಿಸಬೇಕಾದದ್ದು ಬಿಸಿಯನ್ನು. ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿಯಲ್ಲಿದ್ದ ಡಿಶ್ಶನ್ನು ಮಲೆನಾಡಿನ ಜುಲೈ ತಿಂಗಳಲ್ಲಿ ಮೇಜಿನ ಮೇಲಿಟ್ಟರೆ ಮೀಡಿಯಂ (ಕೋಶಗಳು ಬೆಳೆಯುವ ಪೋಷಕ ದ್ರವ) ಬೇಗ ತಣ್ಣಗಾಗುತ್ತದೆ, ಮಿಡಿತವೂ ಇಳಿಯುತ್ತದೆ. ಶೇ 5 ಕಾರ್ಬನ್ ಡೈಆಕ್ಸೈಡ್ ತಪ್ಪಿದ್ದರಿಂದ ಮೀಡಿಯಂ ಕ್ಷಾರೀಯವಾಗಿ ಗಾಢ ಗುಲಾಬಿಗೆ ತಿರುಗುತ್ತದೆ. ಬಿಸಿ ಮಾಡುವ ಸ್ಟೇಜ್ ಬೇಕೇ ಬೇಕು. ಥರ್ಮಾಮೀಟರನ್ನು ಸ್ಟೇಜಿಗಲ್ಲ, ಮೀಡಿಯಂಗೇ ಅದ್ದಿ ನೋಡಿ. ಡಿಶ್ ಇಟ್ಟು 15 ನಿಮಿಷ ಬಿಟ್ಟ ಮೇಲೆಯೇ ರೆಕಾರ್ಡಿಂಗ್.

ಮಿಡಿಯದ ಡಿಶ್‌ಗಳ ಮೂಲ ಸಾಮಾನ್ಯವಾಗಿ ಮೊದಲ ದಿನದಲ್ಲೇ ಇರುತ್ತದೆ. ಕೋಶಗಳು ಡಿಶ್ಶಿನ ಶೇ 80–90 ಭಾಗ ತುಂಬಿದಾಗ ಸಿಎಚ್‌ಐಆರ್ 99021 (ಕಾಂಡಕೋಶವನ್ನು ಹೃದಯದ ದಾರಿಗೆ ತಿರುಗಿಸಲು ‘ವಿಂಟ್’ ಎಂಬ ಕೋಶ ಸಂಕೇತವನ್ನು ಚುರುಕುಗೊಳಿಸುವ ರಾಸಾಯನಿಕ) ಹಾಕಬೇಕು, 24 ಗಂಟೆ. ಈ ದಿನವನ್ನು 0 ಎಂದು ಎಣಿಸಿ. ಪ್ರಮಾಣ 6ರಿಂದ 12 ಮೈಕ್ರೋಮೋಲಾರ್ ನಡುವೆ. ಪ್ರತಿ ಕೋಶ ತಳಿಗೂ ಇದನ್ನು ಹೊಸದಾಗಿ ಹೊಂದಿಸಬೇಕು. ಬೇರೆಯವರ ಅಂಕಿ ನಿಮ್ಮ ತಳಿಗೆ ಒಗ್ಗದೆ ಹೋಗಬಹುದು. ಹೆಚ್ಚಾದರೆ ಕೋಶಗಳು ಎದ್ದು ಸಾಯುತ್ತವೆ, ಕಡಿಮೆಯಾದರೆ ದಾರಿ ತಪ್ಪಿ ಬೇರೇನೋ ಆಗುತ್ತವೆ. 3ನೇ ದಿನ ಅದೇ ಸಂಕೇತವನ್ನು ತಡೆಯುವ ಐಡಬ್ಲ್ಯುಪಿ2, 48 ಗಂಟೆ. 7ನೇ ದಿನದವರೆಗೆ ಇನ್ಸುಲಿನ್ ಇಲ್ಲದ ಬಿ27 (ಮೀಡಿಯಂಗೆ ಸೇರಿಸುವ ಪೋಷಕ ಮಿಶ್ರಣ) ಬಳಸಿ, ಏಕೆಂದರೆ ಆ ಹಂತದಲ್ಲಿ ಇನ್ಸುಲಿನ್ ಹೃದಯ ಕೋಶದ ಹುಟ್ಟನ್ನೇ ತಡೆಯುತ್ತದೆ. ಆಮೇಲೆ ಇನ್ಸುಲಿನ್ ಇರುವುದು. ಮಿಡಿತ 8ರಿಂದ 12ನೇ ದಿನದೊಳಗೆ ಕಾಣಬೇಕು. ಮಳೆಗಾಲದಲ್ಲಿ ಬೂಷ್ಟಿನ ಕಾಟ ಬೇರೆ. ರಟ್ಟಿನ ಪೆಟ್ಟಿಗೆಗಳನ್ನು ಕಲ್ಚರ್ ಕೋಣೆಯೊಳಗೆ ಬಿಡಲೇಬೇಡಿ.

ಇನ್ನು ಅಳತೆ. ಔಷಧ ಮಿಡಿತದ ವೇಗ ಬದಲಿಸಿದರೆ ಸಂಕೋಚನದ ಪ್ರಮಾಣವೂ ಅದರ ಹಿಂದೆಯೇ ಬದಲಾಗುತ್ತದೆ. ಎರಡನ್ನೂ ಬಿಡಿಸಿ ನೋಡಲು ವಿದ್ಯುತ್ ಪ್ರಚೋದನೆಯಿಂದ ವೇಗ ಕಟ್ಟಿಹಾಕಬೇಕು. ಕೋಶಗಳು ತಾವಾಗಿ ನಿಮಿಷಕ್ಕೆ 45 ಸಲ ಮಿಡಿಯುತ್ತಿದ್ದರೆ 1 ಹರ್ಟ್ಜ್, ಅಂದರೆ ನಿಮಿಷಕ್ಕೆ 60 ಸಲ, ಕೊಡಿ. ಅವುಗಳ ವೇಗಕ್ಕಿಂತ ಕಡಿಮೆ ಕೊಟ್ಟರೆ ಹಿಡಿತಕ್ಕೆ ಸಿಗುವುದಿಲ್ಲ. ಸೆಕೆಂಡಿಗೆ 50ಕ್ಕೂ ಹೆಚ್ಚು ಫ್ರೇಮ್‌ಗಳ ವಿಡಿಯೊ ತೆಗೆಯಿರಿ. ಔಷಧಕ್ಕೆ ಮೊದಲು ಮತ್ತು ನಂತರ ಅದೇ ಜಾಗ. ಹೋಲಿಕೆಗೆ ಪಕ್ಕದ ಡಿಶ್ಶಿಗೆ ಔಷಧವಿಲ್ಲದೆ, ಅದನ್ನು ಕರಗಿಸುವ ದ್ರಾವಕವಾದ ಡಿಎಂಎಸ್‌ಒ ಮಾತ್ರ, ಅಷ್ಟೇ ಪ್ರಮಾಣದಲ್ಲಿ. ಕ್ಯಾಲ್ಸಿಯಂ ನೋಡಲು ಫ್ಲುಓ-4 ಎಂಬ ಹೊಳೆಯುವ ಬಣ್ಣ ಹಾಕುವುದಿದ್ದರೆ ವಿಡಿಯೊ ಮುಗಿದ ಮೇಲೆ ಹಾಕಿ: ಆ ಬಣ್ಣ ಕ್ಯಾಲ್ಸಿಯಂ ಅನ್ನೇ ಹಿಡಿದಿಟ್ಟುಕೊಳ್ಳುವುದರಿಂದ ಸಂಕೋಚನ ಕುಗ್ಗಬಹುದು.

ಹೃದಯವನ್ನು ಚುರುಕುಗೊಳಿಸುವ ಔಷಧ ಐಸೋಪ್ರೊಟೆರೆನಾಲ್ ಹಾಕಿದಾಗ ವೇಗ ಮಾತ್ರ ಏರಿ ಬಲ ಏರದಿದ್ದರೆ ಗಾಬರಿ ಬೇಡ. ಇವು ಭ್ರೂಣದ ಹಂತದ ಕೋಶಗಳು. ವಯಸ್ಕ ಕೋಶದಲ್ಲಿರುವ ಟಿ-ನಾಳಗಳು (ಮಿಡಿತದ ಸಂಕೇತವನ್ನು ಕೋಶದ ಒಳಗೆ ಒಯ್ಯುವ ಪೊರೆಯ ಕೊಳವೆಗಳು) ಇವಕ್ಕಿನ್ನೂ ಬೆಳೆದಿಲ್ಲ. ಅಲ್ಲದೆ, ಗಟ್ಟಿ ಪ್ಲಾಸ್ಟಿಕ್ಕಿಗೆ ಅಂಟಿದ ಕೋಶದ ವಿಡಿಯೊ ತೋರಿಸುವುದು ಚಲನೆಯನ್ನು, ಬಲವನ್ನಲ್ಲ. ಬಲವೇ ಬೇಕಿದ್ದರೆ ಸುಮಾರು 10 ಕಿಲೋಪಾಸ್ಕಲ್ ಗಡಸಿನ ಮೆತ್ತನೆಯ ಜೆಲ್ ಮೇಲೆ ಬೆಳೆಸಿ, ಜೆಲ್ ಎಷ್ಟು ಜಗ್ಗಿತು ಎಂಬುದರಿಂದ ಲೆಕ್ಕ ಹಾಕಬೇಕು.