ಎರಡು ಪಟ್ಟಿಗಳ ನಡುವೆ ಕಳೆದುಹೋದ ಬಾಂಗ್ಲಾದೇಶ

ನಮಸ್ಕಾರ.

ಬಡ ದೇಶಗಳ ಆರ್ಥಿಕ ಬೆಳವಣಿಗೆಗೆ ಏನು ನೆರವಾಗುತ್ತದೆ, ಏನು ಅಡ್ಡಬರುತ್ತದೆ ಎಂದು ವಿವರಿಸುವ ನಿಮ್ಮ ಲೇಖನ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಬಾಂಗ್ಲಾದೇಶದ ಬಗ್ಗೆ ನೀವು ಬರೆದ ಒಂದು ಪುಟದಲ್ಲಿ ಒಳ್ಳೆಯ ಲೇಖನದ ಬೀಜವಿದೆ. ಅದನ್ನು ಉಳಿಸಿಕೊಳ್ಳಲೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲರ್ಧದಲ್ಲಿ ನೆರವಾಗುವ ಅಂಶಗಳ ಪಟ್ಟಿ ಕೊಟ್ಟಿದ್ದೀರಿ: ಅಗ್ಗದ ಕೂಲಿ, ಬಂಡವಾಳ, ಶಿಕ್ಷಣ, ಮಹಿಳೆಯರ ದುಡಿಮೆ. ಉಳಿದರ್ಧದಲ್ಲಿ ಭ್ರಷ್ಟಾಚಾರ, ವಿದ್ಯುತ್ ಕೊರತೆ, ಬಂದರು, ತೆರಿಗೆ. ಯಾವುದೂ ಸುಳ್ಳಲ್ಲ. ಆದರೆ ಬಾಂಗ್ಲಾದೇಶ ಅಂದಲ್ಲೆಲ್ಲ ಕಾಂಬೋಡಿಯಾ ಅಂತ ಹಾಕಿದರೂ ಒಂದು ವಾಕ್ಯ ಕೂಡ ಅಲುಗಾಡುವುದಿಲ್ಲ. ನಿಜವಾದ ತೊಂದರೆ ಇರುವುದು ಅಲ್ಲೇ.

ಉಡುಪು ಉದ್ಯಮ ಬೆಳೆದದ್ದಕ್ಕೆ ಅಗ್ಗದ ಕೂಲಿಯೇ ಕಾರಣ ಎಂದಿದ್ದೀರಿ. 1971ರಲ್ಲೂ ಅಲ್ಲಿ ಕೂಲಿ ಅಗ್ಗವೇ, ಆದರೂ ಆಗ ಹೇಳಿಕೊಳ್ಳುವಂಥ ಉಡುಪು ರಫ್ತು ಇರಲಿಲ್ಲ. ಹಾಗಾದರೆ ಬದಲಾದದ್ದೇನು? 1974ರ ಮಲ್ಟಿ ಫೈಬರ್ ಒಪ್ಪಂದದಡಿ ಶ್ರೀಮಂತ ದೇಶಗಳು ಉಡುಪಿನ ಆಮದಿಗೆ ದೇಶವಾರು ಕೋಟಾ, ಅಂದರೆ ಗರಿಷ್ಠ ಮಿತಿ ಹಾಕಿದವು. ದಕ್ಷಿಣ ಕೊರಿಯಾಕ್ಕೆ ಆ ಕೋಟಾ ಬಿಗಿಯಾಯಿತು. ಬಾಂಗ್ಲಾದೇಶಕ್ಕಿನ್ನೂ ಆ ಮಿತಿ ಇರಲಿಲ್ಲ. ಹಾಗಾಗಿ ಕೊರಿಯಾದ ದೇವೂ ಕಂಪನಿ 1978ರಲ್ಲಿ ಬಾಂಗ್ಲಾದೇಶದ ಬಂದರು ನಗರ ಚಿತ್ತಗಾಂಗಿನ ದೇಶ್ ಗಾರ್ಮೆಂಟ್ಸ್ ಜೊತೆ ಒಪ್ಪಂದ ಮಾಡಿಕೊಂಡು, ಅಲ್ಲಿನ 130 ಮಂದಿಯನ್ನು ಬೂಸಾನ್‌ಗೆ ಕರೆಸಿ ತರಬೇತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅವರಲ್ಲಿ 115 ಮಂದಿ ದೇಶ್ ಬಿಟ್ಟು ಸ್ವಂತ ಕಾರ್ಖಾನೆ ಹಾಕಿದರು ಇಲ್ಲವೇ ಬೇರೆಯವರ ಕಾರ್ಖಾನೆ ಸೇರಿದರು. ಕಸುಬು ಹರಡಿದ್ದು ಹೀಗೆ. ನಿಮ್ಮ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಸಿಕ್ಕಿಲ್ಲ.

ಕೆಲಸ ಕಲಿತವರ ಬಳಿ ದುಡ್ಡಿರಲಿಲ್ಲವಲ್ಲ, ಬಟ್ಟೆ ತಂದದ್ದು ಹೇಗೆ? ನಿಮ್ಮ ಲೇಖನ ಈ ಪ್ರಶ್ನೆಯಿಂದಲೇ ಶುರುವಾಗಲಿ. ವಿದೇಶಿ ಖರೀದಿದಾರ ಕಳಿಸಿದ ಎಲ್‌ಸಿಯನ್ನು (ಲೆಟರ್ ಆಫ್ ಕ್ರೆಡಿಟ್, ಮಾಲು ಕಳಿಸಿದ ದಾಖಲೆ ಒಪ್ಪಿಸಿದರೆ ಹಣ ಕೊಡುತ್ತೇವೆಂಬ ಬ್ಯಾಂಕಿನ ಭರವಸೆ ಪತ್ರ) ಕಾರ್ಖಾನೆಯವನು ತನ್ನ ಬ್ಯಾಂಕಿಗೆ ಒಪ್ಪಿಸುತ್ತಾನೆ. ಅದರ ಬಲದ ಮೇಲೆ ಬ್ಯಾಂಕು ಬಟ್ಟೆ ಮಾರುವವನ ಹೆಸರಿಗೆ ಇನ್ನೊಂದು ಎಲ್‌ಸಿ ತೆರೆಯುತ್ತದೆ. ಇದೇ ಬ್ಯಾಕ್ ಟು ಬ್ಯಾಕ್ ಎಲ್‌ಸಿ. 1 ಲಕ್ಷ ಡಾಲರಿನ ಆರ್ಡರಿಗೆ 70 ಸಾವಿರ ಡಾಲರಿನ ಬಟ್ಟೆ, ಗುಂಡಿ, ಜಿಪ್ಪು ಬೇಕು ಅಂದುಕೊಳ್ಳಿ. ಆ 70 ಸಾವಿರವನ್ನು ಮಾಲೀಕ ಮೊದಲೇ ಹೊಂದಿಸಬೇಕಿಲ್ಲ. ಮಾಲು ಹೋಗಿ ಹಣ ಬಂದಾಗ ಬ್ಯಾಂಕು ಬಟ್ಟೆಯವನ ಬಾಕಿ ಕಳೆದು ಉಳಿದದ್ದನ್ನು ಕೊಡುತ್ತದೆ. ಮಾಲೀಕನ ಕೈಯಿಂದ ಬೀಳುವುದು ಮೆಶಿನ್ನು, ಸಂಬಳ, ಬಾಡಿಗೆ, ಕರೆಂಟಿನ ಖರ್ಚು. ಇದರ ಅಪಾಯವನ್ನೂ ಬರೆಯಿರಿ: ಶಿಪ್‌ಮೆಂಟ್ ತಡವಾಗಿ ಖರೀದಿದಾರ ಹಣ ತಡೆಹಿಡಿದರೂ ಬ್ಯಾಂಕು ಬಟ್ಟೆಯವನಿಗೆ ಕೊಡಲೇಬೇಕು, ಆ ಮೊತ್ತ ಮಾಲೀಕನ ತಲೆ ಮೇಲೆ ಸಾಲವಾಗಿ ಕೂರುತ್ತದೆ.

ಇದರ ಜೋಡಿ ವ್ಯವಸ್ಥೆ ಬಾಂಡೆಡ್ ಗೋದಾಮು. ಸುಂಕ ಕಟ್ಟದೆ ಬಟ್ಟೆ ತರಿಸಿಕೊಳ್ಳಬಹುದು, ಅದು ಉಡುಪಾಗಿ ದೇಶದಾಚೆ ಹೋಗಬೇಕು, ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ಕಸ್ಟಮ್ಸ್‌ಗೆ ಲೆಕ್ಕ ಒಪ್ಪಿಸಬೇಕು. ದುಡ್ಡಿನ ತೊಡಕು, ಸುಂಕದ ತೊಡಕು ಎರಡೂ ಈ ಒಂದು ಉದ್ಯಮದ ಪಾಲಿಗೆ ಸಡಿಲವಾದವು.

ಈಗ ನಿಮ್ಮ ಎರಡನೇ ಪಟ್ಟಿಗೆ ಬನ್ನಿ. ಚಪ್ಪಲಿ, ಪ್ಲಾಸ್ಟಿಕ್, ಸಣ್ಣ ಯಂತ್ರಭಾಗ ಮಾಡುವವರಿಗೆ ಈ ಸೌಲಭ್ಯ ಅಷ್ಟು ಸಲೀಸಾಗಿ ದಕ್ಕಲಿಲ್ಲ. ಅರ್ಧ ಮಾಲು ಊರಲ್ಲಿ, ಅರ್ಧ ಹೊರಗೆ ಮಾರುವವನಿಗೆ ಬಾಂಡ್ ಲೆಕ್ಕವೇ ಹೊರೆ. ಮೇಲಾಗಿ, ಆಮದು ಮಾಲಿನ ಮೇಲೆ ಸುಂಕ ಜಾಸ್ತಿ ಇರುವುದರಿಂದ ಒಳಗಿನ ಮಾರುಕಟ್ಟೆಯಲ್ಲೇ ಲಾಭ ಹೆಚ್ಚು, ಹೊರಗೆ ಮಾರಲು ಯಾರೂ ಮೈ ಬಗ್ಗಿಸುವುದಿಲ್ಲ. ನಾಲ್ಕು ದಶಕ ಕಳೆದರೂ ರಫ್ತಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಉಡುಪಿನದೇ. ಬೆಳವಣಿಗೆ ತಂದ ವಿನಾಯಿತಿ ಒಂದೇ ಉದ್ಯಮದ ಬೇಲಿಯೊಳಗೆ ಉಳಿದದ್ದೇ ಮುಂದಿನ ಬೆಳವಣಿಗೆಗೆ ತೊಡಕಾಯಿತು. ನೀವು ಎರಡು ಪಟ್ಟಿಗಳಲ್ಲಿ ಬೇರೆ ಮಾಡಿಟ್ಟದ್ದು ಅಲ್ಲಿ ಒಂದೇ ಗಂಟು. ಲೇಖನ ಹೇಳಬೇಕಾದದ್ದು ಇದನ್ನೇ.

ಢಾಕಾ ಬಳಿ ಕುಸಿದುಬಿದ್ದ ಗಾರ್ಮೆಂಟ್ಸ್ ಕಟ್ಟಡ ರಾಣಾ ಪ್ಲಾಜಾದ ಬಗೆಗಿನ ನಿಮ್ಮ ಪ್ಯಾರಾ ಬರೀ ಮರುಕದಲ್ಲಿ ಮುಗಿದಿದೆ. 1,100ಕ್ಕೂ ಹೆಚ್ಚು ಜನ ಸತ್ತ ದುರಂತಕ್ಕೆ ಅಷ್ಟು ಸಾಲದು. 2013ರ ಏಪ್ರಿಲ್ 24ರ ಹಿಂದಿನ ದಿನವೇ ಗೋಡೆ, ಕಂಬಗಳಲ್ಲಿ ಬಿರುಕು ಕಂಡಿತ್ತು. ಕೆಳಗಿದ್ದ ಬ್ಯಾಂಕು ಬಾಗಿಲು ಹಾಕಿತು, ಮೇಲಿನ ಗಾರ್ಮೆಂಟ್ಸ್‌ಗಳು ಮಾತ್ರ ಬೆಳಿಗ್ಗೆ ಕಾರ್ಮಿಕರನ್ನು ಒಳಗೆ ಕರೆದವು. ಕರೆಂಟು ಹೋಯಿತು, ಮೇಲಿನ ಮಹಡಿಗಳಲ್ಲಿದ್ದ ಭಾರೀ ಜನರೇಟರ್‌ಗಳು ಚಾಲೂ ಆದವು, ಅನುಮತಿಯಿಲ್ಲದೆ ಏರಿಸಿದ್ದ ಮಹಡಿಗಳ ಕಟ್ಟಡ ಕುಸಿಯಿತು. ನಿಮ್ಮ ಪಟ್ಟಿಯ 'ವಿದ್ಯುತ್ ಕೊರತೆ' ಮತ್ತು 'ಭ್ರಷ್ಟಾಚಾರ' ಒಂದೇ ಕಟ್ಟಡದಲ್ಲಿ ಸೇರಿದ್ದು ಹೀಗೆ. ಅವೆರಡನ್ನೂ ಇಲ್ಲಿಗೆ ತನ್ನಿ, ಬೇರೆ ಉಪಶೀರ್ಷಿಕೆ ಬೇಡ.

ಬಂದರಿಗೆ ನಾಲ್ಕು ಸಾಲು ಸಾಕು. ಚಿತ್ತಗಾಂಗ್ ನದಿ ಬಂದರು. ನೀರಿನೊಳಗೆ ಸುಮಾರು 10 ಮೀಟರ್‌ಗಿಂತ ಆಳಕ್ಕೆ ಇಳಿಯುವ ಹಡಗು ಅದರ ಹಡಗುಕಟ್ಟೆಗೆ ಬರಲಾರದು. ಹಾಗಾಗಿ ಕಂಟೇನರುಗಳು ಸಣ್ಣ ಹಡಗಿನಲ್ಲಿ ಕೊಲಂಬೊ ಅಥವಾ ಸಿಂಗಪುರಕ್ಕೆ ಹೋಗಿ ಅಲ್ಲಿ ದೊಡ್ಡ ಹಡಗು ಹತ್ತುತ್ತವೆ. ಹೀಗೆ ಕಳೆದುಹೋಗುವ ದಿನಗಳನ್ನು ಕಾರ್ಖಾನೆ ಓವರ್‌ಟೈಮಿನಲ್ಲಿ ತುಂಬಿಕೊಳ್ಳುತ್ತದೆ.

ಒಂದು ತಪ್ಪನ್ನು ತಿದ್ದಲೇಬೇಕು. ರಫ್ತಿನ ಒಟ್ಟು ಮೊತ್ತವನ್ನು ನೀವು ದೇಶದ ಗಳಿಕೆ ಎಂದು ಲೆಕ್ಕ ಹಾಕಿದ್ದೀರಿ. ಬಾಂಗ್ಲಾದೇಶಕ್ಕೆ ಬೇಕಾದ ಹತ್ತಿಯಲ್ಲಿ ಬಹುತೇಕ ಆಮದಾಗುವುದೇ. ಟೀ ಶರ್ಟಿನಂಥ ನಿಟ್ (ಹೆಣೆದ ಬಟ್ಟೆಯ) ಮಾಲಿಗೆ ನೂಲು, ಬಟ್ಟೆ ಹೆಚ್ಚಾಗಿ ಅಲ್ಲೇ ಆಗುತ್ತವೆ. ಶರ್ಟು, ಪ್ಯಾಂಟಿನ ನೇಯ್ದ ಬಟ್ಟೆ ಬಹುಪಾಲು ಹೊರಗಿನಿಂದ, ಮುಖ್ಯವಾಗಿ ಚೀನಾದಿಂದ ಬರುತ್ತದೆ. ಈ ವ್ಯತ್ಯಾಸ ಮುಂದೆ ಇನ್ನೂ ಮುಖ್ಯವಾಗುತ್ತದೆ. ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಬಾಂಗ್ಲಾದೇಶ ಹೊರಬರಲು ವಿಶ್ವಸಂಸ್ಥೆ 2021ರಲ್ಲಿ ಗೊತ್ತುಮಾಡಿದ ದಿನ 2026ರ ನವೆಂಬರ್ 24. ಆ ಪಟ್ಟಿಯಲ್ಲಿರುವವರೆಗೆ ಯುರೋಪಿಗೆ ಸುಂಕವಿಲ್ಲ, ಹೊರಗಿನ ಬಟ್ಟೆ ತಂದು ಹೊಲಿದರೂ ನಡೆಯುತ್ತದೆ. ಹೊರಬಂದ ಮೇಲೆ, ಯುರೋಪು ಕೊಡುವ ಮೂರು ವರ್ಷಗಳ ಕಾಲಾವಕಾಶ ಮುಗಿದಾಗ, ರಿಯಾಯಿತಿ ಬೇಕಾದರೆ ಬಟ್ಟೆಯೂ ಅಲ್ಲೇ ತಯಾರಾಗಿರಬೇಕೆಂಬ ನಿಯಮ ಬರುತ್ತದೆ. ಮೊದಲ ಪೆಟ್ಟು ಬೀಳುವುದು ನೇಯ್ದ ಬಟ್ಟೆ ನೆಚ್ಚಿಕೊಂಡವರಿಗೆ.

ಇನ್ನು ಮಾಡಬೇಕಾದದ್ದು. ವ್ಯಾಖ್ಯೆಗಳಿರುವ ಮೊದಲ ಮೂರು ಪುಟ ತೆಗೆದುಹಾಕಿ. ಒಂದು ಶರ್ಟಿನ ಆರ್ಡರನ್ನು ಎಲ್‌ಸಿಯಿಂದ ಹಡಗಿನವರೆಗೆ ಹಿಂಬಾಲಿಸಿ, ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ನೀವೂ ನಿಂತು ಕಾರಣ ಹೇಳಿ. ಬೆಂಗಳೂರಿನ ಪೀಣ್ಯದಲ್ಲಿ ರಫ್ತಿನ ಗಾರ್ಮೆಂಟ್ಸ್‌ಗಳಿವೆ. ಅಲ್ಲಿ ಖರೀದಿದಾರರ ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸರ್ ಒಬ್ಬರನ್ನು ಕಂಡು, ಆರ್ಡರ್ ಕೈಗೆ ಬಂದ ದಿನದಿಂದ ಕಂಟೇನರ್ ಸೀಲಾಗುವ ದಿನದವರೆಗಿನ ಕ್ಯಾಲೆಂಡರ್ ಕೇಳಿ ಬರೆದುಕೊಳ್ಳಿ. 1,500 ಪದ ಮೀರದಿರಲಿ. ಪ್ರತಿ ಅಂಕಿಯ ಪಕ್ಕ ಅದು ಯಾವ ವರ್ಷದ್ದು, ಡಾಲರೋ ಬಾಂಗ್ಲಾದೇಶದ ಟಾಕಾವೋ ಎಂದು ಬರೆದು ಕಳಿಸಿ.

ಸಂಪಾದಕ