ಓದುಗರ ಪ್ರಶ್ನೆ: ಹಗ್ಗ ಜಗ್ಗಿದರೂ ಬಾವುಟ ಬಿಚ್ಚಲಿಲ್ಲ, ಯಾಕೆ?

ಪ್ರಶ್ನೆ: ಕಳೆದ ಗಣರಾಜ್ಯೋತ್ಸವದಂದು ಅತಿಥಿಗಳು ಎಷ್ಟು ಜಗ್ಗಿದರೂ ನಮ್ಮ ಶಾಲೆಯ ಬಾವುಟ ಬಿಚ್ಚಿಕೊಳ್ಳಲಿಲ್ಲ. ಎಲ್ಲಿ ತಪ್ಪಿದೆವು?
– ಶಿಕ್ಷಕಿ, ಗುಬ್ಬಿ ತಾಲ್ಲೂಕು

ಉತ್ತರ: ಇಂಥಲ್ಲಿ ತಪ್ಪು ಹೆಚ್ಚಾಗಿ ಗಂಟಿನದೇ. ಬಾವುಟವನ್ನು ಉದ್ದುದ್ದಕ್ಕೆ ಕಿರಿದಾಗಿ ಮಡಚಿ, ಹಾರಾಡುವ ತುದಿಯಿಂದ ಹಗ್ಗದ ಕಡೆಗೆ ಸುತ್ತುತ್ತಾ ಬನ್ನಿ. ಒಳಗೆ ಹೂವಿನ ಎಸಳು ಇಡಲು ಧ್ವಜ ಸಂಹಿತೆಯ ಅಡ್ಡಿಯಿಲ್ಲ. ಆದರೆ ಒಂದು ಹಿಡಿ ಸಾಕು. ಇಡಿ ಸೇವಂತಿಗೆ ತುಂಬಿದರೆ ಸುರುಳಿ ಉಬ್ಬಿ ಹಗ್ಗ ಕಚ್ಚಿಕೊಳ್ಳುತ್ತದೆ. ಹಸಿರು ಪಟ್ಟಿಯ ಬದಿಯಿಂದ ಕೆಳಗಿಳಿಯುವ ಹಗ್ಗವನ್ನು ಸುರುಳಿಗೆ ಎರಡು ಸುತ್ತು ಹಾಕಿ, ಅದನ್ನೇ ಕುಣಿಕೆಯಾಗಿ ಮಡಚಿ ಸುತ್ತಿನಡಿ ತೂರಿಸಿ. ಕುಣಿಕೆ ಮಾತ್ರ ತೂರಬೇಕು. ಹಗ್ಗವನ್ನು ಪೂರ್ತಿ ಆಚೆಗೆಳೆದರೆ ಅದು ಗಟ್ಟಿ ಗಂಟಾಗುತ್ತದೆ, ಜಗ್ಗಿದಷ್ಟೂ ಬಿಗಿಯುತ್ತದೆ.

ಇನ್ನೊಂದನ್ನು ಬಹಳ ಕಡೆ ಮರೆಯುತ್ತಾರೆ. ಸುರುಳಿ ರಾಟೆ ಮುಟ್ಟಿದ ಮೇಲೆ, ಏರಿಸಿದ ಹಗ್ಗವನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಲೇಬೇಕು. ಅದು ಸಡಿಲವಿದ್ದರೆ ಅತಿಥಿಗಳು ಎಳೆದಾಗ ಕುಣಿಕೆ ಬಿಚ್ಚುವ ಬದಲು ಇಡೀ ಸುರುಳಿಯೇ ಕೆಳಗೆ ಜಾರುತ್ತದೆ. ಜನವರಿಯ ಇಬ್ಬನಿಗೆ ಹತ್ತಿ ಹಗ್ಗ ನೆನೆದು ಬಿಗಿಯುವುದರಿಂದ ಹಿಂದಿನ ಸಂಜೆಯೇ ಕಟ್ಟಿಡಬೇಡಿ. ಸಂಜೆ ಅಭ್ಯಾಸ ಮಾಡಿ ನೋಡಿ, ಕಟ್ಟುವುದು ಬೆಳಿಗ್ಗೆ. ಕೇಸರಿ ಪಟ್ಟಿಯ ತುದಿಗೆ ಒಂದು ದಾರದ ಗುರುತು ಹಾಕಿಟ್ಟರೆ ತಲೆಕೆಳಗಾಗಿ ಏರುವ ಅವಮಾನವೂ ತಪ್ಪುತ್ತದೆ.

ಪ್ರಶ್ನೆ: ವಿದುರಾಶ್ವತ್ಥದ ಹುತಾತ್ಮರ ನೆನಪಿಗೆ ಏಪ್ರಿಲ್ 25ರಂದು ಸಂಘದ ಕಚೇರಿಯಲ್ಲಿ ಬಾವುಟವನ್ನು ಅರ್ಧಕ್ಕೆ ಇಳಿಸಬಹುದೇ?
– ಯುವಕ ಸಂಘ, ಗೌರಿಬಿದನೂರು

ಉತ್ತರ: ಇಳಿಸಬಾರದು. ಸರ್ಕಾರದ ಆದೇಶದಂತೆ ಸಾರ್ವಜನಿಕ ಕಟ್ಟಡಗಳಲ್ಲಿ ಅರ್ಧಕ್ಕೆ ಹಾರಿಸುವ ಸಂದರ್ಭ ಬಿಟ್ಟು ಬೇರೆ ದಿನ ಹಾಗೆ ಮಾಡಿದರೆ, 1971ರ ರಾಷ್ಟ್ರೀಯ ಗೌರವ ಕಾಯ್ದೆಯಡಿ ಅದು ಧ್ವಜಕ್ಕೆ ಮಾಡಿದ ಅಗೌರವ. 1938ರಲ್ಲಿ ಅಲ್ಲಿ ಸೇರಿದ್ದ ಜನ ಗುಂಡೇಟು ತಿಂದದ್ದು ಬಾವುಟ ಏರಿಸುವ ಹಕ್ಕಿಗಾಗಿ. ಅವರ ನೆನಪಿಗೆ ಅದು ಕಂಬದ ತುದಿಯಲ್ಲೇ ಹಾರಲಿ.

ಪ್ರಶ್ನೆ: ಮಹಡಿಯ ಮೇಲಿನ ಪಾಲಿಯೆಸ್ಟರ್ ಬಾವುಟದ ಅಂಚು ಹರಿದಿದೆ. ಹೊಲಿಸಬಹುದೇ? ರಾತ್ರಿಯೂ ಬಿಡಬಹುದೇ? ನವೆಂಬರ್‌ನಲ್ಲಿ ಅದೇ ಕಂಬಕ್ಕೆ ಕನ್ನಡ ಬಾವುಟ ಕಟ್ಟಬಹುದೇ?
– ಓದುಗರು, ಕೋಲಾರ

ಉತ್ತರ: 2022ರ ಜುಲೈ ತಿದ್ದುಪಡಿಯ ನಂತರ ಮನೆಯ ಮೇಲೆ ಹಗಲೂ ರಾತ್ರಿಯೂ ಹಾರಿಸಬಹುದು. ಹರಿದದ್ದನ್ನು ಮಾತ್ರ ಹಾರಿಸುವಂತಿಲ್ಲ. ಅಂಚು ಕತ್ತರಿಸಿ ಹೊಲಿಸಿದರೆ 3:2ರ ಅಳತೆಯೂ ಕೆಡುತ್ತದೆ, ಚಕ್ರವೂ ನಡುವಿನಿಂದ ಸರಿಯುತ್ತದೆ. ಹೊಸದನ್ನೇ ತನ್ನಿ, ಸಾಧ್ಯವಾದರೆ ಖಾದಿಯದು. ಹಳೆಯದನ್ನು ತುಂಡು ಮಾಡದೆ, ಖಾಸಗಿಯಾಗಿ, ಮೇಲಾಗಿ ಸುಟ್ಟು ವಿಲೇವಾರಿ ಮಾಡಬೇಕೆಂದು ಸಂಹಿತೆ ಹೇಳುತ್ತದೆ. ಘನತೆಗೆ ಒಪ್ಪುವ ಬೇರೆ ವಿಧಾನಕ್ಕೂ ಅವಕಾಶವಿದೆ. ಪಾಲಿಯೆಸ್ಟರ್ ಬೂದಿಯಾಗದೆ ಕರಗಿ ತೊಟ್ಟಿಕ್ಕುತ್ತದೆ. ಆದ್ದರಿಂದ ಬಿಳಿ ಬಟ್ಟೆಯಲ್ಲಿ ಸುತ್ತಿ ಸ್ವಂತ ಜಾಗದಲ್ಲಿ ಹೂಳುವುದೇ ಲೇಸು ಎಂದು ನಮ್ಮ ಸಲಹೆ. ಕನ್ನಡ ಬಾವುಟಕ್ಕೆ ಬೇರೆ ಕಂಬ ನೆಡಿ: ಪಕ್ಕಪಕ್ಕಕ್ಕೆ ಬೇಡ, ಎತ್ತರವೂ ಕಡಿಮೆಯಿರಲಿ.